ದೀಪಕ್ಕೆ ಬೆನ್ನು ಮಾಡಿ

ಯಾವ ದೀಪಸ್ತಂಭ ಹತ್ತಿದರೂ ತುದಿಯಲ್ಲಿ ನಡೆಯುವುದು ಒಂದೇ. ಏದುಸಿರು ಬಿಡುತ್ತಾ ಕೊನೆಯ ಮೆಟ್ಟಿಲು ಮುಗಿಸಿದ ಜನ ತಲೆ ತಗ್ಗಿಸಿ ಸಣ್ಣ ಬಾಗಿಲಲ್ಲಿ ತೂರಿ ಹೊರಗೆ ಬರುತ್ತಾರೆ. ಗಾಳಿ ಮುಖಕ್ಕೆ ಹೊಡೆದ ಕೂಡಲೇ ‘ಅಬ್ಬಾ’ ಅನ್ನುತ್ತಾರೆ. ಕಂಬಿ ಹಿಡಿದು ಸಮುದ್ರ ನೋಡುತ್ತಾರೆ. ಆಮೇಲೆ ಮೊಬೈಲು ಹೊರಗೆ ಬರುತ್ತದೆ, ಸಮುದ್ರಕ್ಕೆ ಬೆನ್ನು ಮಾಡಿ ಸೆಲ್ಫಿ ತೆಗೆಯುವುದು ಶುರುವಾಗುತ್ತದೆ. ಆಗ ಮುಖವೇನೋ ದೀಪದ ಕಡೆಗೇ ಇರುತ್ತದೆ, ಆದರೆ ಕಣ್ಣು ಮೊಬೈಲಿನಲ್ಲಿ. ಯಾವುದಕ್ಕಾಗಿ ಅಷ್ಟು ಎತ್ತರದ ಕಟ್ಟಡ ಎಬ್ಬಿಸಿದರೋ ಆ ದೀಪ ಎರಡು ಮಾರು ದೂರದಲ್ಲಿ, ಗಾಜಿನ ಗೂಡಿನೊಳಗೆ, ಯಾರ ಗಮನಕ್ಕೂ ಬೀಳದೆ ಕೂತಿರುತ್ತದೆ. ಹಳೆಯ ಮಸೂರ ಇರುವ ಕಡೆ ಹಗಲಲ್ಲಿ ಅದಕ್ಕೆ ಪರದೆಯನ್ನೂ ಎಳೆಯುವ ಪದ್ಧತಿಯಿದೆ. ಬಿಸಿಲು ಆ ಗಾಜಿನಲ್ಲಿ ಹಾಯ್ದು ಒಂದೇ ಕಡೆ ಬಿದ್ದರೆ ಒಳಗಿನ ಸಾಮಾನು ಸುಟ್ಟುಹೋದೀತೆಂದು.

ಇದು ಕೆಲವು ವರ್ಷಗಳಿಂದ ನನ್ನನ್ನು ಕೊರೆಯುತ್ತಿದೆ. ನಾವು ದೀಪಸ್ತಂಭ ‘ನೋಡಿ ಬಂದೆವು’ ಎನ್ನುತ್ತೇವೆ. ನಿಜವಾಗಿ ನೋಡಿದ್ದು ಅದರ ಮೇಲಿಂದ ಕಾಣುವ ಬೇರೆಲ್ಲವನ್ನು. ಅದೂ ಅದು ಕೆಲಸ ಮಾಡದ ಹೊತ್ತಿನಲ್ಲಿ. ಟಿಕೆಟ್ ಕೊಡುವುದು ಹಗಲಲ್ಲಿ, ಸಂಜೆಯಾದರೆ ಎಲ್ಲರನ್ನೂ ಕೆಳಗಿಳಿಸಿ ಬಾಗಿಲು ಹಾಕುತ್ತಾರೆ, ದೀಪ ಹತ್ತುವುದು ಅದಾದ ಮೇಲೆ. ಅಡುಗೆಮನೆಗೆ ಬೀಗ ಹಾಕಿದ ಮೇಲೆ ಹೋಟೆಲಿಗೆ ಹೋಗಿ, ಮೇಜು ಕುರ್ಚಿ ಚೆನ್ನಾಗಿದ್ದವು ಎಂದು ಹೊಗಳಿ ಬಂದಂತೆ.

ಬೆಟ್ಟದವರ ಅಭ್ಯಾಸ

ನಾನು ಕೋಲಾರದ ಕಡೆಯವನು. ನಮಗೆ ಎತ್ತರ ಅಂದರೆ ಬೆಟ್ಟ, ಬೆಟ್ಟ ಅಂದರೆ ಅದರ ನೆತ್ತಿಯಲ್ಲೊಂದು ಮುರುಕು ಕೋಟೆ. ಮುಳಬಾಗಿಲು ಬೆಟ್ಟ, ಚಿಂತಾಮಣಿ ಪಕ್ಕದ ಅಂಬಾಜಿದುರ್ಗ, ಅದರೆದುರಿನ ರಹಮಾನ್‌ಗಢ, ಆಚೆಗೆ ಗುಡಿಬಂಡೆ, ನಂದಿ. ಚಿಕ್ಕಂದಿನಿಂದ ಇವನ್ನೆಲ್ಲ ಹತ್ತಿದವರಿಗೆ ಮೇಲೆ ಹೋಗುವುದು ನೋಡುವುದಕ್ಕೆ ಎಂಬುದು ಮೈಗೆ ಹತ್ತಿದ ಪಾಠ. ಬುರುಜಿನ ಕಿಂಡಿಯಲ್ಲಿ ಕಣ್ಣಿಟ್ಟರೆ ಕೆಳಗಿನ ಬಯಲು, ಕೆರೆ, ದಾರಿ, ದಾರಿಯ ಧೂಳು ಎಲ್ಲ ಕಾಣಬೇಕು. ಕೆಳಗಿನವನಿಗೆ ಮಾತ್ರ ಕಿಂಡಿಯ ಹಿಂದೆ ಯಾರಿದ್ದಾರೆಂದು ತಿಳಿಯಬಾರದು. ಕೋಟೆಯ ಜಾಣತನವೆಲ್ಲ ಅಷ್ಟರಲ್ಲೇ ಇದೆ. ತಾನು ಕಾಣದೆ ಊರೆಲ್ಲ ನೋಡುವ ಕಟ್ಟಡ ಅದು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ನಂದಿಗೆ ಮುತ್ತಿಗೆ ಹಾಕಿದಾಗ ಮೇಲಿದ್ದವರು ರಾತ್ರಿ ದೀಪ ಹಚ್ಚಿಟ್ಟು ‘ನಾವು ಇಲ್ಲಿದ್ದೇವೆ’ ಎಂದು ತೋರಿಸಿಕೊಳ್ಳುತ್ತಿದ್ದರೇ? ಹುಚ್ಚೇ?

ದೀಪಸ್ತಂಭ ಮಾಡುವುದು ಸರಿಯಾಗಿ ಆ ಹುಚ್ಚು ಕೆಲಸವನ್ನೇ. ಅದಕ್ಕೆ ಎತ್ತರ ಬೇಕಾದದ್ದು ತಾನು ನೋಡಲಿಕ್ಕಲ್ಲ, ಕಾಣಲಿಕ್ಕೆ. ಭೂಮಿ ಗುಂಡಗಿರುವುದರಿಂದ ದೀಪ ಎಷ್ಟೇ ಪ್ರಖರವಾಗಿದ್ದರೂ ತಗ್ಗಿನಲ್ಲಿಟ್ಟರೆ ಕೆಲವೇ ಕಿಲೋಮೀಟರ್ ಆಚೆಗೆ ಅದು ನೀರಿನ ಉಬ್ಬಿನ ಹಿಂದೆ ಮರೆಯಾಗುತ್ತದೆ. ಲೆಕ್ಕ ಸುಲಭ: ಎತ್ತರವನ್ನು ಮೀಟರಿನಲ್ಲಿ ಹಿಡಿದು, ಅದರ ವರ್ಗಮೂಲವನ್ನು ಮೂರೂವರೆಯಿಂದ ಗುಣಿಸಿದರೆ ಹೆಚ್ಚುಕಮ್ಮಿ ಅಷ್ಟು ಕಿಲೋಮೀಟರ್ ದೂರಕ್ಕೆ ದಿಗಂತ. 30 ಮೀಟರ್ ಎತ್ತರದ ದೀಪಕ್ಕೆ ಸುಮಾರು 20 ಕಿಲೋಮೀಟರ್. ದೋಣಿಯಲ್ಲಿ ನಿಂತವನ ಕಣ್ಣೂ ನೀರಿನಿಂದ ಎರಡು ಮೀಟರ್ ಮೇಲಿದ್ದರೆ ಇನ್ನೊಂದು ಐದು ಸೇರಿಸಿಕೊಳ್ಳಬಹುದು. ವರ್ಗಮೂಲವಾದ್ದರಿಂದ ಎತ್ತರವನ್ನು ದುಪ್ಪಟ್ಟು ಮಾಡಿದರೂ ದೂರ ದುಪ್ಪಟ್ಟಾಗುವುದಿಲ್ಲ, ದೂರ ದುಪ್ಪಟ್ಟಾಗಬೇಕಾದರೆ ನಾಲ್ಕು ಪಟ್ಟು ಎತ್ತರ ಕಟ್ಟಬೇಕು. ಹೈಸ್ಕೂಲಿನಲ್ಲಿ ವರ್ಗಮೂಲ ಕಲಿಸುವಾಗ ಯಾರೂ ಇದನ್ನು ಹೇಳಲಿಲ್ಲ. ಹೇಳಿದ್ದರೆ ಗಣಿತದ ಪೀರಿಯಡ್‌ನಲ್ಲಿ ಇನ್ನಷ್ಟು ಜನ ಎಚ್ಚರವಾಗಿರುತ್ತಿದ್ದೆವು.

ಪಾಲಾರ್ ಹೋಗುವ ಕಡೆ

ಕರ್ನಾಟಕದವರು ದೀಪಸ್ತಂಭ ಎಂದರೆ ಕಾಪು ಎನ್ನುತ್ತಾರೆ. ಬಂಡೆಯ ಮೇಲೆ ನಿಂತ, 1901ರ ಆ ಕಪ್ಪು ಬಿಳಿ ಪಟ್ಟೆಯ ಗೋಪುರದ ಚಂದವನ್ನು ಅಲ್ಲಗಳೆಯುವುದಿಲ್ಲ. ಆದರೆ ಕೋಲಾರದವರಿಗೆ ಹತ್ತಿರದ ಸಮುದ್ರ ಅದಲ್ಲ. ಮಂಗಳೂರಿಗೆ ಹೋಗಬೇಕಾದರೆ ಬೆಂಗಳೂರು ದಾಟಿ, ಹಾಸನ ದಾಟಿ, ಘಟ್ಟ ಇಳಿಯಬೇಕು. ಬಂಗಾರಪೇಟೆಯಲ್ಲಿ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಚೆನ್ನೈ. ನಮ್ಮ ಆಸ್ಪತ್ರೆ, ಮಾವಿನ ಮಂಡಿ, ಸಿನಿಮಾ, ನೆಂಟಸ್ತಿಕೆ ಅರ್ಧಕ್ಕರ್ಧ ಆ ದಿಕ್ಕಿಗೇ ಇವೆ. ನೀರೂ ಆ ದಿಕ್ಕಿಗೇ ಹೋಗುತ್ತದೆ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ನಮ್ಮಲ್ಲಿ 93 ಕಿಲೋಮೀಟರ್ ಹರಿದು, ಆಂಧ್ರದ ಒಂದು ಮೂಲೆ ಹಾದು, ತಮಿಳುನಾಡಿನುದ್ದಕ್ಕೂ ನಡೆದು ಕಲ್ಪಾಕ್ಕಂ ಆಚೆ ಸಮುದ್ರ ಸೇರುತ್ತದೆ. ಒಟ್ಟು 348 ಕಿಲೋಮೀಟರ್. ‘ಹರಿದು’ ಎಂದು ಬರೆಯುವಾಗ ನಮ್ಮವರು ನಗುತ್ತಾರೆಂದು ಗೊತ್ತು. ಬೇತಮಂಗಲದ ಕೆರೆ ಕೋಡಿ ಬಿದ್ದರೆ ಜನ ಆಟೋ ಮಾಡಿಕೊಂಡು ನೋಡಲು ಹೋಗುತ್ತಾರೆ, ಅಷ್ಟು ಅಪರೂಪ. ಕೆಜಿಎಫ್‌ಗೆ ಕುಡಿಯುವ ನೀರು ಕೊಟ್ಟ ಕೆರೆ ಅದು. ಹಾಗೆ ಕೋಡಿ ಬಿದ್ದ ನೀರು ಯಾರ ಬೋರ್‌ವೆಲ್ಲಿಗೂ ಇಂಗದೆ ಕೊನೆಯವರೆಗೆ ಹೋದರೆ ಕಲ್ಪಾಕ್ಕಮ್ಮಿಗಿಂತ ಸ್ವಲ್ಪ ಬಡಗಲಿಗೆ, ಬೆಟ್ಟದ ಮೇಲೆ ಮಿಣುಕುವ ಮಹಾಬಲಿಪುರದ ದೀಪ ಅದಕ್ಕೆ ಕಾಣಬಹುದು.

ಈ ಕಡೆಯ ಕರಾವಳಿಯ ಸ್ವಭಾವ ಬೇರೆ. ಪಡುವಣದಲ್ಲಿ ಹಡಗಿನವನಿಗೆ ಘಟ್ಟದ ಸಾಲು ಕಾಣುತ್ತದೆ, ಅಳಿವೆಗಳಿವೆ, ಗುಡ್ಡ ನೀರಿಗಿಳಿದ ಜಾಗಗಳಿವೆ. ಮೂಡಣದ ಈ ದಂಡೆ ಮೈಲಿಗಟ್ಟಲೆ ಒಂದೇ ಸಮನೆ ಮರಳು. ನೀರಿನಿಂದ ನೋಡಿದರೆ ತಗ್ಗಾದ ಒಂದು ಗೆರೆ, ಅದರ ಮೇಲೊಂದಷ್ಟು ತಾಳೆ, ಸರ್ವೆ ಮರ. ಯಾವ ಊರಿನ ಎದುರಿಗಿದ್ದೇವೆ ಎಂದು ಹೇಳುವುದು ಕಷ್ಟ. ಅದಕ್ಕೇ ಹಳೆಯ ಯೂರೋಪಿನ ನಾವಿಕರು ಮಹಾಬಲಿಪುರಕ್ಕೆ ‘ಏಳು ಪಗೋಡಾ’ ಎಂದು ಹೆಸರಿಟ್ಟು ಗುರುತು ಹಿಡಿಯುತ್ತಿದ್ದರು. ಪಲ್ಲವರು ದೇವರಿಗೆಂದು ಕಟ್ಟಿದ ಶಿಖರ ಸಮುದ್ರದಲ್ಲಿದ್ದವನಿಗೆ ವಿಳಾಸವಾಯಿತು.

ಮದ್ರಾಸಿನ ನಾಲ್ಕು ದೀಪ

ಚೆನ್ನೈನಲ್ಲಿ ದೀಪ ನಾಲ್ಕು ಕಡೆ ಉರಿದಿದೆ. 1796ರಲ್ಲಿ ಮೊದಲನೆಯದು ಸೇಂಟ್ ಜಾರ್ಜ್ ಕೋಟೆಯೊಳಗೆ, ಈಗ ಮ್ಯೂಸಿಯಂ ಆಗಿರುವ ಕಟ್ಟಡದ ಮಾಡಿನ ಮೇಲೆ, ಎಣ್ಣೆಯ ದೀಪ. 1844ರಿಂದ ಕೋಟೆಯ ಬಡಗಲಿಗೆ, ಅದಕ್ಕೆಂದೇ ಕಟ್ಟಿದ ಗ್ರೀಕ್ ಮಾದರಿಯ ಒಂಟಿ ಕಲ್ಲುಕಂಬದ ಮೇಲೆ. ಅದರ ಪಕ್ಕದಲ್ಲೇ ಅದಕ್ಕಿಂತ ಎತ್ತರವಾಗಿ ಹೈಕೋರ್ಟ್ ಕಟ್ಟಡ ಎದ್ದಮೇಲೆ, 1894ರಲ್ಲಿ ದೀಪ ಕೋರ್ಟಿನ ಅತಿ ಎತ್ತರದ ಗುಮ್ಮಟಕ್ಕೆ ಹೋಯಿತು. 1977ರಿಂದ ಮರೀನಾದ ದಂಡೆಯಲ್ಲಿ, ಕೆಂಪು ಬಿಳಿ ಪಟ್ಟೆಯ ಮುಮ್ಮೂಲೆ ಗೋಪುರದ ಮೇಲೆ. ಇದಕ್ಕೆ ಲಿಫ್ಟ್ ಇದೆ. ಲಿಫ್ಟಿನಲ್ಲಿ ದೀಪಸ್ತಂಭ ಹತ್ತುವುದು ಬೆಟ್ಟದವರಿಗೆ ಅಷ್ಟು ರುಚಿಸುವ ಸಂಗತಿಯಲ್ಲ, ಆದರೆ ಮಂಡಿ ನೋವಿನವರು ಜೊತೆಗಿದ್ದರೆ ಕೈ ಮುಗಿಯಬೇಕು. ಭದ್ರತೆಯ ಕಾರಣಕ್ಕೆ ಸುಮಾರು ಎರಡು ದಶಕ ಜನರನ್ನು ಬಿಡದೆ 2013ರಲ್ಲಿ ಮತ್ತೆ ಬಾಗಿಲು ತೆರೆದರು.

ನಾಲ್ಕರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಹೈಕೋರ್ಟ್ ಆವರಣದ 1844ರ ಕಂಬ. ಅಲ್ಲಿಗೆ ಟೂರಿಸ್ಟುಗಳು ಬರುವುದಿಲ್ಲ. ಕಕ್ಷಿದಾರರು, ಕರಿಕೋಟು, ಫೈಲು, ಟೀ ಲೋಟ ಇವುಗಳ ನಡುವೆ ಅದು ನಿಂತಿದೆ. ಸಮುದ್ರಕ್ಕೂ ಅದಕ್ಕೂ ನಡುವೆ ಈಗ ರಸ್ತೆ, ಬಂದರು, ಕಟ್ಟಡ. ಕಂಬದ ಬುಡದಲ್ಲಿ ನಿಂತರೆ ಹತ್ತಿರದಲ್ಲೆಲ್ಲೋ ನೀರಿದೆ ಎಂದು ಹೇಳುವುದು ಗಾಳಿಯ ಉಪ್ಪು ಮಾತ್ರ. ಕೆಲಸ ಬಿಟ್ಟು ನೂರು ವರ್ಷ ಮೀರಿದರೂ ಯಾರೂ ಕೆಡವಿಲ್ಲ. ಕೆಡವುವುದು ತ್ರಾಸದ ಕೆಲಸ ಎಂದೂ ಇರಬಹುದು.

ಇದೇ ಹೈಕೋರ್ಟಿನ ಗೋಡೆಯಲ್ಲಿ 1914ರ ನೆನಪಿನ ಫಲಕವೊಂದಿದೆ. ಮೊದಲ ಮಹಾಯುದ್ಧ ಶುರುವಾಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ‘ಎಮ್ಡನ್’ ಎಂಬ ಯುದ್ಧನೌಕೆ ಮದ್ರಾಸಿನ ಎದುರು ಬಂದು ನಿಂತು ಗುಂಡಿನ ಮಳೆ ಸುರಿಸಿತು. ಬಂದರಿನ ಹತ್ತಿರದ ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳು ಹೊತ್ತಿ ಉರಿದವು. ಊರಿನ ದೀಪಗಳು ಆ ರಾತ್ರಿಯೂ ಎಂದಿನಂತೆ ಉರಿಯುತ್ತಿದ್ದವು, ಯುದ್ಧ ಇಷ್ಟು ದೂರಕ್ಕೆ ಬಂದೀತೆಂದು ಯಾರೂ ಎಣಿಸಿರಲಿಲ್ಲ. ಕೋಟೆಗೂ ದೀಪಸ್ತಂಭಕ್ಕೂ ಇರುವ ವ್ಯತ್ಯಾಸ ನನಗೆ ಗಟ್ಟಿಯಾಗಿ ತಟ್ಟಿದ್ದು ಈ ಕಥೆಯಿಂದ. ಕೋಟೆಗೆ ತನ್ನವರು ಯಾರು, ಪರರು ಯಾರು ಎಂಬುದೇ ಮೊದಲ ಪ್ರಶ್ನೆ. ದೀಪಕ್ಕೆ ಆ ಪ್ರಶ್ನೆ ಕೇಳುವ ಅನುಕೂಲವಿಲ್ಲ. ಸರಕಿನ ಹಡಗಿಗೂ ಕಳ್ಳಸಾಗಣೆಯವನಿಗೂ ಗುಂಡು ಹಾರಿಸಲು ಬಂದವನಿಗೂ ಅದು ಒಂದೇ ವಿಳಾಸ ಹೇಳುತ್ತದೆ. ಬೇಡವೆಂದರೆ ಆರಿಸಬೇಕು, ಆರಿಸಿದರೆ ನಮ್ಮವನಿಗೂ ಇಲ್ಲ. ದೊಡ್ಡ ಔದಾರ್ಯ ಎಂದು ಇದನ್ನು ಹಾಡಿಹೊಗಳುವ ಮನಸ್ಸಾಗುತ್ತದೆ, ಆದರೆ ಟ್ಯಾಂಕಿನ ಪಕ್ಕ ಮನೆಯಿದ್ದವನನ್ನು ಕೇಳಿದರೆ ಬೇರೆ ಹೇಳಿಯಾನು.

ಓಂ ಶಕ್ತಿ ಬಸ್ಸಿನ ಅಜ್ಜಿ

ಮಹಾಬಲಿಪುರಕ್ಕೆ ಹೋದ ಕೋಲಾರದವನಿಗೆ ಪರಸ್ಥಳ ಅನಿಸುವುದಿಲ್ಲ. ಬಂಡೆಗಳೇ ನಮ್ಮವು. ಅಂತರಗಂಗೆಯಲ್ಲೂ ಆವನಿಯಲ್ಲೂ ಕಾಣುವ ಗುಂಡುಗಳು, ಈಗ ಉರುಳೀತೋ ಆಗ ಉರುಳೀತೋ ಎಂದು ಕೂತಿರುವ ಅದೇ ಭಂಗಿ. ಪಲ್ಲವರ ಕಲ್ಲುಕುಟಿಗರು ಅವನ್ನು ಕೊರೆದು ಗುಹೆ, ರಥ, ಆನೆ ಮಾಡಿದರು. ನಾವು ಕ್ರಷರಿಗೆ ಹಾಕುತ್ತಿದ್ದೇವೆ. ಅದಿರಲಿ. ಬೆಟ್ಟದ ನಡುವೆ ಮಹಿಷಾಸುರಮರ್ದಿನಿಯ ಗುಹೆ. ಒಂದು ಗೋಡೆಯಲ್ಲಿ ದೇವಿ ಸಿಂಹವೇರಿ ಕೋಣನ ತಲೆಯವನ ಮೇಲೆ ನುಗ್ಗುತ್ತಿದ್ದಾಳೆ, ಎದುರು ಗೋಡೆಯಲ್ಲಿ ವಿಷ್ಣು ಮಲಗಿದ್ದಾನೆ. ಆ ಗುಹೆಯ ನೆತ್ತಿಯ ಮೇಲೆ ಒಲಕ್ಕಣ್ಣೇಶ್ವರ ಎಂಬ ಕಟ್ಟಿದ ಗುಡಿ. ಅದರ ಶಿಖರ ಈಗಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷರು ಈ ಗುಡಿಯ ಮಾಡಿನ ಮೇಲೇ ದೀಪ ಇಟ್ಟಿದ್ದರು. ಆಮೇಲೆ, 1900ರ ಸುಮಾರಿಗೆ, ಕೂಗಳತೆಯಲ್ಲಿ ಈಗಿರುವ ಕಲ್ಲಿನ ದುಂಡು ಗೋಪುರ ಕಟ್ಟಿದರು. ಬಣ್ಣ ಬಳಿಯದ ಬರಿಗಲ್ಲು. ದೂರದಿಂದ ನೋಡಿದರೆ ಬೆಟ್ಟವೇ ಒಂದು ಕೈ ಎತ್ತಿದೆ.

ಡಿಸೆಂಬರ್, ಜನವರಿಯಲ್ಲಿ ಅಲ್ಲಿ ತಮಿಳಿಗಿಂತ ನಮ್ಮ ಕನ್ನಡವೇ ಹೆಚ್ಚು ಕಿವಿಗೆ ಬೀಳುತ್ತದೆ. ಯಾಕೆಂದು ಕೋಲಾರ, ಚಿಕ್ಕಬಳ್ಳಾಪುರದವರಿಗೆ ಬಿಡಿಸಿ ಹೇಳಬೇಕಿಲ್ಲ. ಓಂ ಶಕ್ತಿ ಮಾಲೆ ಹಾಕಿದ ಹೆಂಗಸರು ಊರಿಗೆ ಊರೇ ಕೆಂಪು ಸೀರೆಯುಟ್ಟು ಮೇಲ್‌ಮರುವತ್ತೂರಿನ ಆದಿಪರಾಶಕ್ತಿ ಗುಡಿಗೆ ಹೊರಡುವ ಕಾಲ. ಬಸ್ಸಿನ ಬಾಡಿಗೆ ಯಾರು ಕೊಟ್ಟರು, ಮುಂದಿನ ಚುನಾವಣೆ ಎಷ್ಟು ದೂರ, ಅದು ಬೇರೆ ಬರಹ. ದರ್ಶನ ಮುಗಿಸಿದ ಬಸ್ಸುಗಳು ಬರುವಾಗಲೋ ಹೋಗುವಾಗಲೋ ಮಹಾಬಲಿಪುರದಲ್ಲಿ ನಿಲ್ಲುತ್ತವೆ. ಜೀವಮಾನದಲ್ಲಿ ಮೊದಲ ಸಲ ಸಮುದ್ರ ನೋಡುವವರು ಪ್ರತಿ ಬಸ್ಸಿನಲ್ಲೂ ಇರುತ್ತಾರೆ.

ಅಂಥ ಒಂದು ಮಧ್ಯಾಹ್ನ ನಾನು ಗೋಪುರದ ಮೇಲಿದ್ದೆ. ಕಲ್ಲಿನ ಸುತ್ತು ಮೆಟ್ಟಿಲು, ಕೊನೆಗೆ ಕಡಿದಾದ ಏಣಿ. ಮೇಲೆ ನಾಲ್ಕು ಜನ ನಿಂತರೆ ಐದನೆಯವರಿಗೆ ಜಾಗ ಹುಡುಕಬೇಕು. ಕೆಂಪು ಸೀರೆಗಳ ನಡುವೆ ಮೊಮ್ಮಗಳ ಕೈ ಹಿಡಿದು ಒಬ್ಬ ಅಜ್ಜಿ ಹತ್ತಿ ಬಂದರು. ಎಪ್ಪತ್ತು ದಾಟಿರಬೇಕು. ಬರಿಗಾಲು, ಕಾಲುಂಗುರ ಸವೆದು ತಂತಿಯಾಗಿತ್ತು. ಉಳಿದವರೆಲ್ಲ ಸಮುದ್ರದ ಕಡೆಯ ಕಂಬಿಗೆ ಮುಗಿಬಿದ್ದರೆ ಅಜ್ಜಿ ಉಸಿರು ಸುಧಾರಿಸಿಕೊಂಡು ನನ್ನನ್ನು ಕೇಳಿದರು.

“ಏನಪ್ಪಾ, ದೀಪ ಎಲ್ಲೈತೆ?”

“ನಿಮ್ಮ ಬೆನ್ನಿಂದೇನೇ ಐತಲ್ಲಜ್ಜಿ, ಗಾಜಿನೊಳಗೆ.”

ತಿರುಗಿ ನೋಡಿದರು. ಗಾಜಿಗೆ ಅಂಗೈ ಅಡ್ಡ ಹಿಡಿದು ಬಗ್ಗಿ ಇಣುಕಿದರು. “ಹಚ್ಚೇ ಇಲ್ವಲ್ಲ.”

“ಕತ್ತಲಾದ್ಮೇಲೆ ಹಚ್ತಾರೆ.”

“ಅಷ್ಟೊತ್ತಿಗೆ ನಮ್ಮನ್ನೆಲ್ಲ ಇಳಿಸ್ಬಿಡ್ತಾರಂತೆ. ಮತ್ತೆ ನೋಡೋರ್ಯಾರು?”

“ಹಡಗಿನೋರು, ಮೀನು ಹಿಡಿಯೋರು.”

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, “ಎಣ್ಣೆ ಯಾರ್ದು?”

ಗುಡಿಯ ದೀಪಕ್ಕೆ ಎಣ್ಣೆ ಯಾರ ಸೇವೆ ಎಂದು ಕೇಳಿ ಅಭ್ಯಾಸವಿದ್ದವರ ಪ್ರಶ್ನೆ ಅದು. ನಿಜವಾಗಿ ಅತ್ಯಂತ ಸರಿಯಾದ ಪ್ರಶ್ನೆ. 1927ರ ಲೈಟ್‌ಹೌಸ್ ಕಾಯ್ದೆಯ ಕಾಲದಿಂದಲೂ ನಮ್ಮ ಬಂದರುಗಳಿಗೆ ಬರುವ ಹಡಗುಗಳಿಂದ ದೀಪದ ಸುಂಕ ವಸೂಲಾಗುತ್ತದೆ. 2021ರಲ್ಲಿ ಆ ಕಾಯ್ದೆ ಹೋಗಿ ಹೊಸದು ಬಂದರೂ ಸುಂಕದ ಪದ್ಧತಿ ಉಳಿದಿದೆ. ನಾಡದೋಣಿಯವರಿಗೆ ಆ ಲೆಕ್ಕವಿಲ್ಲ, ಅವರಿಗೆ ಬೆಳಕು ಬಿಟ್ಟಿ. ದೊಡ್ಡ ಹಡಗಿನವರು ಕೊಡುತ್ತಾರೆ, ಸಣ್ಣ ದೋಣಿಯವರೂ ಅದರಲ್ಲೇ ದಾರಿ ನೋಡಿಕೊಳ್ಳುತ್ತಾರೆ ಎಂದೆ. “ಹಂಗಾದ್ರೆ ಸರಿ ಬುಡು” ಎಂದರು. ಆಮೇಲೆ ಗಾಜಿನ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. ಅತ್ತ ಸೊಸೆ “ಅತ್ತೆ, ಬನ್ನಿ, ಫೋಟೊ, ಸಮುದ್ರ ಬರ್ತೈತೆ” ಎಂದು ಕೂಗುತ್ತಿದ್ದಳು.

ತಿರುವಣ್ಣಾಮಲೈಯ ಕಾರ್ತಿಕ ದೀಪಕ್ಕೆ ನಮ್ಮ ಕಡೆಯಿಂದ ಹೋಗುವವರು ಕಡಿಮೆಯಿಲ್ಲ. ಅಲ್ಲಿ ಬೆಟ್ಟದ ತುದಿಯಲ್ಲಿ ಕೊಪ್ಪರಿಗೆಯ ದೀಪ ಹತ್ತುವ ಹೊತ್ತಿಗೆ ಜನಸಾಗರ ಕೆಳಗೆ ನಿಂತು ಮೇಲೆ ನೋಡುತ್ತದೆ. ದೀಪವನ್ನು ಎತ್ತರದಲ್ಲಿಟ್ಟರೆ ನಾವಿರಬೇಕಾದದ್ದು ದೂರದಲ್ಲಿ ಎಂಬ ವಿವೇಕ ಆ ಅಜ್ಜಿಗೆ ಅಲ್ಲಿಂದ ಬಂದಿರಬಹುದು. ಟಿಕೆಟ್ ಕೊಟ್ಟು ಮೇಲೆ ಹತ್ತಿದ ನಮಗೆಲ್ಲ ಅದು ಹೊಳೆದಿರಲಿಲ್ಲ.

ಹಳೆಯ ದೀಪಸ್ತಂಭಗಳ ಮಸೂರಗಳನ್ನು ಮ್ಯೂಸಿಯಮ್ಮುಗಳಲ್ಲಿ ನೋಡಬಹುದು, ಸಿಕ್ಕಿದರೆ ಬಿಡಬಾರದು. 1822ರಲ್ಲಿ ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ ಕಂಡುಕೊಂಡ ಉಪಾಯ ಇದು. ದಪ್ಪನೆಯ ಒಂದೇ ಗಾಜಿನ ಬದಲು ಬಳೆ ಬಳೆಯಾಗಿ ಕತ್ತರಿಸಿದ ಪಟ್ಟಕಗಳನ್ನು ದೀಪದ ಸುತ್ತ ಜೋಡಿಸಿದರೆ, ಮೇಲಕ್ಕೂ ಕೆಳಕ್ಕೂ ಚೆಲ್ಲಿಹೋಗುವ ಬೆಳಕೂ ತಿರುಗಿ ದಿಗಂತದ ಕಡೆಗೇ ಹೋಗುತ್ತದೆ. ಬೆಳಕು ಹೆಚ್ಚಿಸಿದ್ದಲ್ಲ, ಪೋಲಾಗುವುದನ್ನು ತಡೆದದ್ದು. ಬರದ ಸೀಮೆಯವರಿಗೆ ಈ ಬುದ್ಧಿ ಬೇಗ ಅರ್ಥವಾಗುತ್ತದೆ. ದೊಡ್ಡ ಮಸೂರಗಳು ಟನ್‌ಗಟ್ಟಲೆ ತೂಗುತ್ತಿದ್ದವು. ಪಾದರಸದ ತೊಟ್ಟಿಯಲ್ಲಿ ತೇಲಿಸಿದ್ದರಿಂದ ಬೆರಳಲ್ಲಿ ತಳ್ಳಿದರೂ ತಿರುಗುತ್ತಿದ್ದವು. ತಿರುಗಿಸುತ್ತಿದ್ದದ್ದು ಗಡಿಯಾರದ ಯಂತ್ರ: ಗೋಪುರದ ನಡುವೆ ಭಾರದ ಗುಂಡೊಂದು ಮೆಲ್ಲಗೆ ಇಳಿಯುತ್ತಾ ಗಾಲಿಗಳನ್ನು ತಿರುಗಿಸುವುದು, ಅದು ಕೆಳಗೆ ಮುಟ್ಟುವ ಮೊದಲು ಕಾವಲುಗಾರ ಮತ್ತೆ ಮೇಲಕ್ಕೆ ಸುತ್ತುವುದು. ಇಡೀ ರಾತ್ರಿ, ಮಳೆಯಿರಲಿ ಜ್ವರವಿರಲಿ. 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದು ಕೆಜಿಎಫ್ ಗಣಿಗೆ ಕರೆಂಟು ತಂದಾಗ ನಮ್ಮ ದೇಶದ ಹೆಚ್ಚಿನ ದೀಪಸ್ತಂಭಗಳಲ್ಲಿನ್ನೂ ಸೀಮೆಎಣ್ಣೆಯ ಕಾಲ. ನಮ್ಮ ಜಿಲ್ಲೆ ಯಾವುದರಲ್ಲಾದರೂ ಮುಂದಿತ್ತು ಎಂದು ಹೇಳಿಕೊಳ್ಳುವ ಅವಕಾಶ ಅಪರೂಪ, ಅದಕ್ಕೇ ಇಲ್ಲಿ ತುರುಕಿದ್ದೇನೆ. ಈಗ ಎಲ್‌ಇಡಿ ದೀಪ ಬಂದಿದೆ, ಎಷ್ಟೋ ಕಡೆ ಸೋಲಾರ್ ಹಲಗೆಯೇ ಸಾಕು.

ನೀರಿನ ಮೇಲಿಂದ

ಅಜ್ಜಿಯ ‘ನೋಡೋರ್ಯಾರು’ ತಲೆಯಲ್ಲಿ ಉಳಿದುಬಿಟ್ಟಿತು. ಮುಂದಿನ ಬೇಸಿಗೆಯಲ್ಲಿ ಲಾಡ್ಜಿನವರ ಮೂಲಕ ಒಬ್ಬ ಮೀನುಗಾರರನ್ನು ಗಂಟುಹಾಕಿಕೊಂಡು, ಅವರು ಬಲೆ ಬಿಡಲು ಹೋಗುವಾಗ ನನ್ನನ್ನೂ ದೋಣಿಗೆ ಹಾಕಿಕೊಳ್ಳಲು ಒಪ್ಪಿಸಿದೆ. ಐವತ್ತರ ಆಸುಪಾಸಿನವರು, ಜೊತೆಗೆ ಅವರ ಅಳಿಯ. ಮಾತೆಲ್ಲ ತಮಿಳಿನಲ್ಲಿ. ಕೆಜಿಎಫ್ ಪಕ್ಕದಲ್ಲಿ ಬೆಳೆದವರಿಗೆ ತಮಿಳನ್ನು ಯಾರೂ ಕೂರಿಸಿ ಕಲಿಸಬೇಕಿಲ್ಲ. ಬೆಳಗಿನ ಜಾವ ಮೂರರ ಹೊತ್ತಿಗೆ ಫೈಬರ್ ದೋಣಿಯನ್ನು ಅಲೆಯ ಬಾ‌ಯಿಗೆ ತಳ್ಳಿದರು. ಮೊದಲ ಎರಡು ಅಲೆ ದಾಟುವಾಗ ದೋಣಿಯ ಮೂತಿ ಆಕಾಶಕ್ಕೆ ಏರಿ ದಪ್ಪನೆ ಬಿದ್ದಾಗ ಮುಳಬಾಗಿಲು ಆಂಜನೇಯನಿಂದ ಹಿಡಿದು ಗೊತ್ತಿದ್ದ ಎಲ್ಲ ದೇವರನ್ನೂ ನೆನೆದೆ. ಹೊಟ್ಟೆ ತೊಳಸಿದ ವಿವರ ಬೇಡ.

ಅಲೆ ದಾಟಿ ಮೋಟಾರಿನ ಸದ್ದು ಒಂದು ಹದಕ್ಕೆ ಬಂದ ಮೇಲೆ ಹಿಂದೆ ತಿರುಗಿದೆ. ನಾನು ಎದುರು ನೋಡುತ್ತಿದ್ದದ್ದು ಸಿನಿಮಾದಲ್ಲಿ ಕಾಣುವ ಹಾಗೆ ಸಮುದ್ರದ ಮೇಲೆ ಸುತ್ತು ಹೊಡೆಯುವ ಉದ್ದನೆಯ ಬೆಳಕಿನ ಕೋಲನ್ನು. ಅಂಥದ್ದೇನೂ ಇರಲಿಲ್ಲ. ಆ ಕೋಲು ಕಾಣುವುದು ಬುಡದಲ್ಲಿ ನಿಂತವರಿಗೆ, ಅದೂ ಗಾಳಿಯಲ್ಲಿ ಮಂಜೋ ಧೂಳೋ ಇದ್ದರೆ. ನೀರಿನ ಮೇಲಿದ್ದವನಿಗೆ ಸಿಗುವುದು ಒಂದು ಹೊಳಪು, ಆಮೇಲೆ ಕತ್ತಲೆ, ಮತ್ತೆ ಹೊಳಪು. ದಂಡೆಯುದ್ದಕ್ಕೂ ಈಸ್ಟ್ ಕೋಸ್ಟ್ ರಸ್ತೆಯ ರೆಸಾರ್ಟುಗಳ ದೀಪ, ಬೀದಿ ದೀಪ, ತೆಂಕಲಿಗೆ ಕಲ್ಪಾಕ್ಕಂ ಕಡೆಯ ದೀಪಗಳ ಗುಂಪು. ಕೆಲವು ದೀಪಸ್ತಂಭಕ್ಕಿಂತ ದೊಡ್ಡದಾಗಿಯೇ ಉರಿಯುತ್ತಿದ್ದವು. ಆದರೆ ಅವೆಲ್ಲ ಬಿಡದೆ ಉರಿಯುತ್ತಿದ್ದವು, ಒಂದಕ್ಕೂ ಇನ್ನೊಂದಕ್ಕೂ ಗುರುತಿಲ್ಲ. ಇದೊಂದೇ ಆರಿ ಆರಿ ಹತ್ತುತ್ತಿತ್ತು. ಪ್ರತಿ ದೀಪಸ್ತಂಭಕ್ಕೂ ತನ್ನದೇ ಲಯವಿರುತ್ತದೆ. ಎಷ್ಟು ಹೊಳಪು, ನಡುವೆ ಎಷ್ಟು ಸೆಕೆಂಡು ಕತ್ತಲೆ ಎಂಬುದನ್ನು ನಾವಿಕರ ಪಟ್ಟಿಯಲ್ಲಿ ಮುದ್ರಿಸಿರುತ್ತಾರೆ, ಅಕ್ಕಪಕ್ಕದವಕ್ಕೆ ಒಂದೇ ಲಯ ಬರದಂತೆ ನೋಡಿಕೊಳ್ಳುತ್ತಾರೆ. ಓದಬೇಕಾದದ್ದು ಬೆಳಕನ್ನಷ್ಟೇ ಅಲ್ಲ, ಕತ್ತಲೆಯ ಅಳತೆಯನ್ನು.

ಬಲೆ ಬಿಟ್ಟು ಮೋಟಾರು ನಿಲ್ಲಿಸಿದರು. ಅಳಿಯ ಮೊಬೈಲಿನ ಮ್ಯಾಪು ತೋರಿಸಿದ, ನೀಲಿ ಚುಕ್ಕೆ ನೀಲಿಯ ನಡುವೆ ಕೂತಿತ್ತು. ಜಿಪಿಎಸ್ ಬಂದ ಮೇಲೂ ದೀಪದಿಂದ ಉಪಯೋಗವೇನು ಎಂದು ಮಾವನನ್ನು ಕೇಳಿದೆ. ಬೀಡಿ ಹಚ್ಚುತ್ತಿದ್ದವರು ದಂಡೆಯ ಕಡೆ ಗದ್ದ ಎತ್ತಿ ತೋರಿಸಿದರು.

“ಆ ದೀಪದ ಹಿಂದುಗಡೆ ಒಂದು ಕೆಂಪು ದೀಪ ಕಾಣುತ್ತಾ ಸಾರ್? ಟವರಿಂದು. ಈಗ ಎರಡೂ ಒಂದರ ಮೇಲೊಂದು ಅವೆ. ನೋಡ್ತಾ ಇರಿ.”

ನೋಡುತ್ತಾ ಇದ್ದೆ. ದೋಣಿ ಅಲುಗಾಡುತ್ತಿತ್ತು, ಆದರೆ ನಿಂತಲ್ಲೇ ಇದ್ದೇವೆ ಎಂದೇ ನನ್ನ ಮೈ ಹೇಳುತ್ತಿತ್ತು. ಬೀಡಿ ಮುಗಿಯುವ ಹೊತ್ತಿಗೆ ಕೆಂಪು ಚುಕ್ಕೆ ಹೊಳಪಿನ ಹಿಂದಿನಿಂದ ಬಲಕ್ಕೆ ಹೊರಬಂದಿತ್ತು. ಇನ್ನೂ ಸ್ವಲ್ಪ ಹೊತ್ತಿಗೆ ಎರಡರ ನಡುವೆ ಒಂದು ಬೆರಳು ತೂರುವಷ್ಟು ಜಾಗ.

“ನೀರು ಬಡಗಲಿಗೆ ಎಳೀತಾ ಐತೆ. ನಮಗೆ ಗೊತ್ತಾಗಲ್ಲ. ದೀಪ ಜರುಗಿದ್ರೆ ನಾವು ಜರುಗಿದೀವಿ ಅಂತ ಲೆಕ್ಕ. ಇದಕ್ಕೆ ಮೊಬೈಲ್ ಯಾಕೆ ತೆಗೀಬೇಕು, ಕೈಯೆಲ್ಲ ಒದ್ದೆ.”

ದೀಪ ದಾರಿ ತೋರಿಸುತ್ತದೆ ಎಂದು ಎಲ್ಲ ಕಡೆ ಓದಿದ್ದೇವೆ. ಇವರಿಗೆ ಮನೆಯ ದಾರಿ ಕಣ್ಣು ಮುಚ್ಚಿಕೊಂಡರೂ ಗೊತ್ತು. ದೀಪ ಬೇಕಾದದ್ದು ತಾವು ಎಷ್ಟು ಕೊಚ್ಚಿಹೋದೆವು ಎಂದು ತಿಳಿಯಲು. ನೀರಿನ ಮೇಲೆ ಅಲುಗದ ವಸ್ತು ಒಂದೂ ಇಲ್ಲ, ಆದ್ದರಿಂದ ದಂಡೆಯಲ್ಲಿ ಒಂದಿರಬೇಕು. ಎರಡಿದ್ದರೆ ಇನ್ನೂ ಒಳ್ಳೆಯದು, ಆಗ ಅವೆರಡರ ನಡುವಿನ ಸಂದಿಯೇ ಅಳತೆಗೋಲು. ಹಗಲಲ್ಲಿ ಗೋಪುರ, ಗುಡಿಯ ಶಿಖರ, ಬೆಟ್ಟ, ಎತ್ತರದ ಮರ ಇವನ್ನೂ ಹೀಗೇ ಜೋಡಿ ಹಚ್ಚಿ ನೋಡುತ್ತಾರಂತೆ. ಹಾಗಾದರೆ ಕಾಪುವಿನ ಕಪ್ಪು ಬಿಳಿ, ಮರೀನಾದ ಕೆಂಪು ಬಿಳಿ ಪಟ್ಟೆಗಳೂ ಅಲಂಕಾರವಲ್ಲ, ಹಗಲಿನ ಗುರುತು. ಫೋಟೊದಲ್ಲಿ ಚೆನ್ನಾಗಿ ಬರಲೆಂದು ಬಳಿದದ್ದಲ್ಲ.

ಆ ಗೋಪುರದ ಮೇಲೆ ಯಾವತ್ತಾದರೂ ಹತ್ತಿದ್ದೀರಾ ಎಂದು ಕೇಳಿದೆ. ಇಲ್ಲವಂತೆ. ಹುಟ್ಟಿದ್ದು ಬೆಳೆದದ್ದು ಅದರ ಬುಡದಲ್ಲೇ, ಆದರೂ ಹತ್ತಿಲ್ಲ.

“ಅಲ್ಲಿಂದ ಏನು ಕಾಣುತ್ತೆ ಸಾರ್?”

“ಸಮುದ್ರ.”

ಮಾವ ಅಳಿಯನ ಮುಖ ನೋಡಿದರು. ಇಬ್ಬರೂ ನಕ್ಕರು, ನಾನೂ ಸೇರಿಕೊಂಡೆ. ಬೆಳಕು ಹರಿಯುವ ಹೊತ್ತಿಗೆ ಬಲೆ ಎಳೆದರು. ಸಿಕ್ಕಿದ್ದು ಡೀಸೆಲ್ ಖರ್ಚಿಗೆ ಸಾಕೋ ಸಾಲದೋ ಎಂಬಷ್ಟು. ಅದಕ್ಕೆ ಬೈಗುಳವೆಲ್ಲ ತಮಿಳಿನಲ್ಲೇ ಆಯಿತು, ಅನುವಾದಿಸುವುದಿಲ್ಲ.

ಹತ್ತುವ ಬದಲು

2024ರಲ್ಲಿ ಕೇಂದ್ರ ಸರ್ಕಾರ ದೇಶದ 75 ದೀಪಸ್ತಂಭಗಳನ್ನು ಪ್ರವಾಸಿ ತಾಣಗಳಾಗಿ ಉದ್ಘಾಟಿಸಿತು. ಒಳ್ಳೆಯದೇ. ಪಾರ್ಕು, ಮ್ಯೂಸಿಯಂ, ಶೌಚಾಲಯ ಬಂದರೆ ಹೆಂಗಸರು ಮಕ್ಕಳೊಂದಿಗೆ ಹೋಗುವವರಿಗೆ ಅನುಕೂಲ. ಆದರೆ ನನ್ನ ಕೋರಿಕೆ ಒಂದೇ. ವಾರಕ್ಕೊಂದು ದಿನವಾದರೂ ದೀಪ ಹತ್ತುವ ಹೊತ್ತಿಗೆ ಜನರನ್ನು ಆವರಣದಲ್ಲಿ ಇರಗೊಡಬೇಕು. ಮೇಲೆ ಬೇಡ, ಕೆಳಗೆ, ಅಂಗಳದಲ್ಲಿ. ನಾಡದೋಣಿಯವರಿಗೆ ನಾಲ್ಕು ಕಾಸು ಸಿಗುವ ಹಾಗೆ, ಸುರಕ್ಷತೆಯ ಏರ್ಪಾಡು ಮಾಡಿ, ಶಾಂತ ಸಮುದ್ರದ ತಿಂಗಳುಗಳಲ್ಲಿ ಕತ್ತಲಾದ ಮೇಲೆ ಒಂದು ಸುತ್ತು ನೀರಿಗೂ ಕರೆದೊಯ್ಯಬಹುದು. ಪುದುಚೇರಿಯ 1836ರ ಹಳೆಯ ದೀಪಸ್ತಂಭದಂಥ ನಿವೃತ್ತ ಕಂಬಗಳನ್ನು ಬೇಕಾದರೆ ಹಗಲೆಲ್ಲ ಹತ್ತಲಿ ಇಳಿಯಲಿ, 1979ರಲ್ಲೇ ಅದರ ಕೆಲಸ ಮುಗಿದಿದೆ. ಕೆಲಸದಲ್ಲಿರುವುದನ್ನು ಕೆಲಸದಲ್ಲಿರುವಾಗ ನೋಡಬೇಕು.

ಸರ್ಕಾರ ಕೇಳುವವರೆಗೆ ಕಾಯಬೇಕಿಲ್ಲ ಎಂದು, ಹೋದ ಡಿಸೆಂಬರಿನಲ್ಲಿ ನಮ್ಮ ಬೀದಿಯ ಓಂ ಶಕ್ತಿ ಬಸ್ಸಿನ ಉಸ್ತುವಾರಿ ನೋಡುವವನನ್ನು ಹಿಡಿದೆ. ಮಹಾಬಲಿಪುರದಲ್ಲಿ ಮಧ್ಯಾಹ್ನದ ಬದಲು ಸಂಜೆ ಏಳಕ್ಕೆ ನಿಲ್ಲಿಸು, ಕಡಲ ತೀರದ ಗುಡಿಯ ಹತ್ತಿರದ ಮರಳಿನ ಮೇಲೆ ಎಲ್ಲರನ್ನೂ ಕೂರಿಸು, ಬೆಟ್ಟದ ಕಡೆ ಮುಖ ಮಾಡಿ ಕೂತರೆ ದೀಪ ಕಾಣುತ್ತೆ, ಟಿಕೆಟ್ಟೂ ಬೇಡ ಎಂದೆ. ಅವನು ಡೈರಿ ತೆಗೆದು ನೋಡಿದ.

“ಏಳು ಗಂಟೆಗೆ ಆಗಲ್ಲ ಸಾರ್. ಅಡುಗೆಯೋರು ಅಷ್ಟೊತ್ತಿಗೆ ಒಲೆ ಹಚ್ಬೇಕು, ಇಲ್ಲಾಂದ್ರೆ ಐವತ್ತು ಜನಕ್ಕೆ ಊಟ ಯಾವಾಗ? ಬೇಕಾದ್ರೆ ಅಲ್ಲೇ ಎಲ್ಲಾದ್ರೂ ಒಲೆ ಹೂಡೋಕೆ ಜಾಗ ನೋಡಿ ಹೇಳಿ, ನಾನು ಡ್ರೈವರ್ ಹತ್ರ ಮಾತಾಡ್ತೀನಿ.”

ಜಾಗ ನೋಡುತ್ತಿದ್ದೇನೆ. ಬಸ್ಸು ನಿಲ್ಲುವಂತಿರಬೇಕು, ನಲ್ಲಿಯಿರಬೇಕು, ಪೊಲೀಸರು ಎಬ್ಬಿಸಬಾರದು. ಗೊತ್ತಿದ್ದವರು ತಿಳಿಸಿದರೆ ಉಪಕಾರ.